ವ್ಯಾನು ಹೊರಟ ಮೇಲೆ ಉಳಿಯುವ ವಿಜ್ಞಾನ

ದಾವಣಗೆರೆ ಜಿಲ್ಲೆ ಒಂದೇ ಆದರೂ ಅದರ ತಾಲ್ಲೂಕುಗಳ ನೀರಿನ ಕಥೆ ಒಂದೇ ಅಲ್ಲ. ಹೊನ್ನಾಳಿ ಪಟ್ಟಣಕ್ಕೆ ಹೊಂದಿಕೊಂಡು ತುಂಗಭದ್ರೆ ಹರಿಯುತ್ತಾಳೆ. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿ ನದಿದಂಡೆಯ ಗದ್ದೆಯೂ ಇದೆ, ಮಳೆಯನ್ನೇ ನಂಬಿದ ಮೆಕ್ಕೆಜೋಳದ ಹೊಲವೂ ಇದೆ. ಚನ್ನಗಿರಿಯಲ್ಲಿ ಸೂಳೆಕೆರೆ ಎಂದು ಜನ ಕರೆಯುವ ಶಾಂತಿಸಾಗರವಿದೆ, ಅಡಿಕೆ ತೋಟಗಳ ಸಾಲಿದೆ. ಜಗಳೂರಿನಲ್ಲಿ ಮಳೆ ಕಡಿಮೆ, ಬೋರ್‌ವೆಲ್ ಆಳ, ಆ ಆಳದ ನೀರಿನಲ್ಲಿ ಫ್ಲೋರೈಡ್. ಈ ನಾಲ್ಕೂ ಕಡೆಯ ಶಾಲಾ ಮಕ್ಕಳಿಗಾಗಿ ವಿಜ್ಞಾನ ಮತ್ತು ತಂತ್ರಜ್ಞಾನದ ಕಾರ್ಯಾಗಾರ ನಡೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಾಲ್ಕೂ ಕಡೆ ವ್ಯಾನಿನಲ್ಲಿ ಬಂದು ಒಂದೇ ಪೆಟ್ಟಿಗೆ ಬಿಚ್ಚಿ, ಒಂದೇ ಪ್ರಯೋಗ ತೋರಿಸಿ, ಸಂಜೆ ಅದೇ ಪೆಟ್ಟಿಗೆಯನ್ನು ಮುಚ್ಚಿಕೊಂಡು ಹೋದರೆ ಸಾಕೇ? ಸಾಲದು ಎಂಬುದೇ ಈ ಲೇಖನದ ವಾದ. ಕಾರ್ಯಾಗಾರದ ಬೆಲೆ ಅಂದು ಮಕ್ಕಳು ಎಷ್ಟು ಬೆರಗಾದರು ಎಂಬುದರಲ್ಲಿಲ್ಲ. ಮರುದಿನದಿಂದ ಅವರು ತಾವೇ ಅಳೆದು ನೋಡಬಹುದಾದ ಯಾವ ಪ್ರಶ್ನೆ ಆ ಶಾಲೆಯಲ್ಲಿ ಉಳಿಯಿತು ಎಂಬುದರಲ್ಲಿದೆ.

ಮೊದಲು ಇದುವರೆಗೆ ಆಗಿರುವ ಕೆಲಸವನ್ನು ನೆನೆಯಬೇಕು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ವಿಜ್ಞಾನ ಬಸ್ಸುಗಳು ಹಳ್ಳಿಗಳನ್ನು ಸುತ್ತಿವೆ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲ ವಿಜ್ಞಾನ’ ಪತ್ರಿಕೆಯನ್ನೂ ಮಕ್ಕಳ ವಿಜ್ಞಾನ ಸಮಾವೇಶಗಳನ್ನೂ ಊರೂರಿಗೆ ಮುಟ್ಟಿಸಿದೆ. 1999ರಲ್ಲಿ ಆರಂಭವಾದ ಅಗಸ್ತ್ಯ ಇಂಟರ್‌ನ್ಯಾಷನಲ್ ಫೌಂಡೇಶನ್ ಸಂಚಾರಿ ಪ್ರಯೋಗಾಲಯಗಳನ್ನು ಸರ್ಕಾರಿ ಶಾಲೆಗಳ ಅಂಗಳಕ್ಕೆ ತಂದಿದೆ. 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಡಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತಿದ್ದು, ಸೆನ್ಸರ್, ತ್ರೀಡಿ ಪ್ರಿಂಟರ್, ರೋಬಾಟ್ ಬಿಡಿಭಾಗಗಳು ಮಕ್ಕಳ ಕೈಗೆ ಬಂದಿವೆ. ಪುಸ್ತಕದಲ್ಲಿ ಚಿತ್ರವಾಗಿದ್ದ ಮಸೂರವನ್ನು ಕೈಯಲ್ಲಿ ಹಿಡಿದು, ಗೋಡೆಯ ಮೇಲೆ ಕಿಟಕಿಯ ತಲೆಕೆಳಗಾದ ಬಿಂಬವನ್ನು ಕಂಡ ಮಗು ಆ ಪಾಠವನ್ನು ಮರೆಯುವುದು ಕಷ್ಟ. ಮನೆಯಲ್ಲಿ ಲಂಬಾಣಿ ಮಾತಾಡಿ ತಾಂಡಾದಿಂದ ಬರುವ ಮಗುವಿಗೂ, ಪಠ್ಯಪುಸ್ತಕದ ಬಿಗಿ ಕನ್ನಡದಲ್ಲಿ ತಡವರಿಸುವ ಮಗುವಿಗೂ, ವಸ್ತುವೇ ಎದುರಿಗಿದ್ದಾಗ ಮಾತು ತಾನಾಗಿ ಬರುತ್ತದೆ. ಇದು ಸಣ್ಣ ಲಾಭವಲ್ಲ.

ಹಾಗಾದರೆ ಕೈಯಾರೆ ಮಾಡಿದ್ದೆಲ್ಲವೂ ಕಲಿಕೆಯೇ? ಸಂಶೋಧನೆಗಳು ಎಚ್ಚರದ ಉತ್ತರ ಕೊಡುತ್ತವೆ. ಕಾಲೇಜು ಮಟ್ಟದ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ ಕುರಿತ 225 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿಯೊಂದು 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳು ತಾವೇ ತೊಡಗಿಕೊಂಡ ತರಗತಿಗಳಿಗಿಂತ ಬರೀ ಉಪನ್ಯಾಸ ಕೇಳಿದ ತರಗತಿಗಳಲ್ಲಿ ನಪಾಸಾಗುವ ಸಂಭವ ಒಂದೂವರೆ ಪಟ್ಟು ಎಂದು ಅದು ತೋರಿಸಿತು. ಆದರೆ ಇಂಗ್ಲೆಂಡಿನ ಶಾಲೆಗಳಲ್ಲಿ ಪ್ರಯೋಗ ನಡೆಯುವ 25 ತರಗತಿಗಳನ್ನು ಕೂತು ಗಮನಿಸಿದ ಇಯಾನ್ ಅಬ್ರಹಾಂಸ್ ಮತ್ತು ರಾಬಿನ್ ಮಿಲ್ಲರ್ 2008ರಲ್ಲಿ ಬೇರೊಂದು ಸತ್ಯವನ್ನು ಮುಂದಿಟ್ಟರು. ಹೇಳಿದ ಕೆಲಸವನ್ನು ಮಕ್ಕಳು ಚೆನ್ನಾಗಿಯೇ ಮಾಡುತ್ತಿದ್ದರು, ಅಳತೆಯನ್ನೂ ತೆಗೆಯುತ್ತಿದ್ದರು. ಆದರೆ ಆ ಅಳತೆಯ ಹಿಂದಿನ ವಿಚಾರದ ಬಗ್ಗೆ ಯೋಚಿಸುವುದು, ಮಾತಾಡುವುದು ಬಹಳ ಕಡಿಮೆಯಾಗಿತ್ತು. ಕೈ ಕೆಲಸದಲ್ಲಿತ್ತು, ತಲೆಗೆ ಕೆಲಸವಿರಲಿಲ್ಲ. ಎರಡನ್ನೂ ಸೇರಿಸಿ ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ತೊಡಗಿಕೊಳ್ಳುವುದು ಬೇಕೇ ಬೇಕು, ಆದರೆ ಏತಕ್ಕಾಗಿ ತೊಡಗಿದ್ದೇವೆ ಎಂಬುದು ಮಗುವಿಗೆ ತಿಳಿದಿರಬೇಕು. ಆ ‘ಏತಕ್ಕಾಗಿ’ ಎಂಬುದನ್ನು ಯಾವ ಪೆಟ್ಟಿಗೆಯೂ ಹೊರಗಿನಿಂದ ಹೊತ್ತು ತರಲಾರದು. ಅದು ಮಗು ಬದುಕುವ ಊರಿನಲ್ಲೇ ಇರುತ್ತದೆ.

ಜಗಳೂರಿನ ಬೋರ್‌ವೆಲ್ ನೀರನ್ನೇ ತೆಗೆದುಕೊಳ್ಳಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ, ಪ್ರಮಾಣ ಇನ್ನೂ ಹೆಚ್ಚಿದ್ದರೆ ಕೀಲು, ಮೂಳೆ ಬಿಗಿಯುತ್ತವೆ. ಇದನ್ನು ಪರೀಕ್ಷಿಸುವ ಸರಳ ಕಿಟ್‌ನಲ್ಲಿ ಜಿರ್ಕೋನಿಯಂ ಎಂಬ ಲೋಹಕ್ಕೆ ಅಂಟಿಕೊಂಡ ಬಣ್ಣವೊಂದಿರುತ್ತದೆ. ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಜಿರ್ಕೋನಿಯಂ ಅನ್ನು ತನ್ನತ್ತ ಸೆಳೆದುಕೊಳ್ಳುತ್ತದೆ, ಒಂಟಿಯಾದ ಬಣ್ಣ ಕೆಂಪಿನಿಂದ ಹಳದಿಯತ್ತ ತಿರುಗುತ್ತದೆ. ಕಿಟ್‌ನ ದ್ರಾವಣದಲ್ಲಿ ಆಮ್ಲವಿರುವುದರಿಂದ ಅದನ್ನು ಶಿಕ್ಷಕರೇ ಹಾಕಲಿ, ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಿ ಓದುವ ಕೆಲಸ ಮಕ್ಕಳದಾಗಲಿ. ಕೈಪಂಪಿನ ನೀರು, ಮನೆಯ ನಲ್ಲಿ ನೀರು, ಶುದ್ಧ ಕುಡಿಯುವ ನೀರಿನ ಘಟಕದ ನೀರು, ಮಳೆನೀರು ಎಂದು ನಾಲ್ಕು ಲೋಟ ಸಾಲಾಗಿಟ್ಟರೆ ಪ್ರಶ್ನೆಗಳು ತಾವಾಗಿ ಏಳುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ? ಹೋಗುವುದಿಲ್ಲ, ನೀರು ಆವಿಯಾಗಿ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಮಳೆನೀರಿನಲ್ಲಿ ಏಕಿಲ್ಲ? ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಖನಿಜ ಕರಗುತ್ತದೆ, ಆಕಾಶದಿಂದ ಈಗಷ್ಟೇ ಬಿದ್ದ ಹನಿಗೆ ಆ ಸಹವಾಸವಿಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆಯಾದರೆ ಒಂದು ಲೀಟರ್ ನೀರು. ಹಾಗಾದರೆ 100 ಚದರ ಮೀಟರಿನ ಶಾಲೆಯ ಚಾವಣಿ ಒಂದು ಹದಮಳೆಗೆ ಎಷ್ಟು ನೀರು ಕೊಟ್ಟೀತು? ರಸಾಯನವಿಜ್ಞಾನ, ಭೂವಿಜ್ಞಾನ, ಆರೋಗ್ಯ, ಗಣಿತ ಎಲ್ಲವೂ ಈ ನಾಲ್ಕು ಲೋಟಗಳಲ್ಲಿವೆ.

ಚನ್ನಗಿರಿಯಲ್ಲಿ ಪ್ರಯೋಗಾಲಯ ಅಡಿಕೆ ಬೇಯಿಸುವ ಹಂಡೆಯಲ್ಲಿದೆ. ಕೆಂಪಡಿಕೆಗೆ ಬಣ್ಣ ಕೊಡುವ ಚೊಗರು ಎಂಬ ರಸದಲ್ಲಿರುವುದು ಟ್ಯಾನಿನ್. ಚೂರು ಚೊಗರಿಗೆ ತುಕ್ಕು ಹಿಡಿದ ಮೊಳೆ ಹಾಕಿಟ್ಟರೆ ಅದು ನಿಧಾನಕ್ಕೆ ಕಪ್ಪಾಗುತ್ತದೆ. ಹಿಂದೆ ಶಾಯಿ ಮಾಡುತ್ತಿದ್ದುದೂ ಕಬ್ಬಿಣ ಮತ್ತು ಟ್ಯಾನಿನ್ನಿನ ಇದೇ ಕೂಡಿಕೆಯಿಂದ. ಒಣಗಲು ಹಾಕಿದ ಅಡಿಕೆಯನ್ನು ದಿನವೂ ತೂಗಿ ಗ್ರಾಫ್ ಬರೆದರೆ ಮೊದಲ ದಿನಗಳಲ್ಲಿ ತೂಕ ಬೇಗ ಇಳಿದು ಆಮೇಲೆ ನಿಧಾನವಾಗುವುದು ಕಾಣುತ್ತದೆ. ಒಣಗಿಸುವ ಯಂತ್ರದ ವಿನ್ಯಾಸ ಶುರುವಾಗುವುದೇ ಈ ಗೆರೆಯಿಂದ. ಸೂಳೆಕೆರೆಯ ಏರಿ ತಳದಲ್ಲಿ ಅಗಲ, ಮೇಲೆ ಕಿರಿದು ಏಕೆ ಎಂಬುದಕ್ಕೆ ಮೂರು ಎತ್ತರಗಳಲ್ಲಿ ತೂತು ಕೊರೆದ ಪ್ಲಾಸ್ಟಿಕ್ ಬಾಟಲಿ ಉತ್ತರ ಕೊಡುತ್ತದೆ: ಕೆಳಗಿನ ತೂತಿನ ನೀರೇ ಹೆಚ್ಚು ರಭಸದಿಂದ ಚಿಮ್ಮುತ್ತದೆ. ಹೊನ್ನಾಳಿ, ನ್ಯಾಮತಿಗಳಲ್ಲಿ ಮಳೆಗಾಲದ ಹೊಳೆನೀರನ್ನು ಗಾಜಿನ ಜಾಡಿಯಲ್ಲಿ ನಿಲ್ಲಿಸಿಟ್ಟು ತಳಕ್ಕೆ ಕೂತ ಹೂಳಿನ ಪದರವನ್ನು ಅಳೆಯಬಹುದು. ಮಲೆನಾಡಿನ ಮಣ್ಣು ಎಷ್ಟು ಕೊಚ್ಚಿ ಬರುತ್ತಿದೆ ಎಂಬ ದೊಡ್ಡ ಪ್ರಶ್ನೆಗೆ ಅದು ಪುಟ್ಟ ಬಾಗಿಲು.

ಇಲ್ಲಿ ಒಂದು ಆಕ್ಷೇಪ ನ್ಯಾಯವಾದದ್ದು. ಪಟ್ಟಣದ ಮಕ್ಕಳು ರೋಬಾಟ್, ಕೋಡಿಂಗ್ ಕಲಿಯುವಾಗ ಹಳ್ಳಿಯ ಮಕ್ಕಳಿಗೆ ಚೊಗರು, ಹೂಳೇ ಸಾಕೆನ್ನುವುದು ಅವರನ್ನು ಅಲ್ಲಿಯೇ ಕಟ್ಟಿಹಾಕಿದಂತಲ್ಲವೇ? ಸಾಕೆನ್ನುವುದು ಖಂಡಿತ ತಪ್ಪು. ಆದರೆ ಊರಿನ ಪ್ರಶ್ನೆಯಿಂದ ಹೊರಟರೆ ತಂತ್ರಜ್ಞಾನ ದೂರವಾಗುವುದಿಲ್ಲ, ಹತ್ತಿರವಾಗುತ್ತದೆ. ಅಡಿಕೆ ತೋಟದ ಮಣ್ಣು ಒಣಗಿದಾಗ ಮಾತ್ರ ಹನಿ ನೀರಾವರಿ ಶುರುವಾಗಬೇಕೆಂದರೆ ತೇವಾಂಶದ ಸೆನ್ಸರ್ ಬೇಕು, ಅದು ಕೊಡುವ ಸಂಖ್ಯೆಯನ್ನು ಓದಿ ಮೋಟಾರಿಗೆ ಆಜ್ಞೆ ಕೊಡುವ ನಾಲ್ಕು ಸಾಲಿನ ಕೋಡ್ ಬೇಕು. ಗೆರೆಯ ಮೇಲೆ ಓಡುವ ಆಟಿಕೆ ಕಾರಿನಲ್ಲಿರುವುದೂ ಇದೇ ತತ್ವ. ವ್ಯತ್ಯಾಸವೆಂದರೆ, ಈ ಸೆನ್ಸರ್ ತಪ್ಪು ಹೇಳಿದಾಗ ತೋಟದ ಮಗುವಿಗೆ ಅದು ತಕ್ಷಣ ಗೊತ್ತಾಗುತ್ತದೆ. ಉಪಕರಣವನ್ನು ಅನುಮಾನಿಸಿ ಸರಿಪಡಿಸುವ ಆ ಗಳಿಗೆಯಲ್ಲೇ ಎಂಜಿನಿಯರ್ ಹುಟ್ಟುತ್ತಾನೆ, ಹುಟ್ಟುತ್ತಾಳೆ.

ಎರಡನೆಯ ಆಕ್ಷೇಪ ಶಿಕ್ಷಕರದು. ಎಸ್‌ಎಸ್‌ಎಲ್‌ಸಿ ವಿಜ್ಞಾನದಲ್ಲಿ 80 ಅಂಕ ಬರುವುದು ಲಿಖಿತ ಪರೀಕ್ಷೆಯಿಂದ. ಪಾಠ ಮುಗಿಸುವುದೇ ಕಷ್ಟವಿರುವಾಗ ಇದಕ್ಕೆಲ್ಲ ಹೊತ್ತೆಲ್ಲಿ? ಈ ಒತ್ತಡ ನಿಜ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಉಳಿದ 20 ಅಂಕಗಳ ಆಂತರಿಕ ಮೌಲ್ಯಮಾಪನಕ್ಕೆ ಮಕ್ಕಳು ಹೇಗೂ ಚಟುವಟಿಕೆ ಮಾಡಲೇಬೇಕು. ಅಂಗಡಿಯಿಂದ ತಂದು ಅಂಟಿಸಿದ ಚಾರ್ಟಿನ ಜಾಗದಲ್ಲಿ ಮೂರು ತಿಂಗಳ ನೀರಿನ ಅಳತೆಯ ಪುಸ್ತಕ ಬಂದರೆ ಹೆಚ್ಚುವರಿ ಹೊರೆಯಿಲ್ಲ. ಬರಿದೇ ಬಿಟ್ಟರೆ ಮಕ್ಕಳು ತಾವಾಗಿ ಕಲಿಯುವುದಿಲ್ಲ, ಮಾರ್ಗದರ್ಶನವಿಲ್ಲದ ಪ್ರಯೋಗ ಗೊಂದಲ ಹೆಚ್ಚಿಸುತ್ತದೆ ಎಂಬ ಟೀಕೆಯನ್ನೂ ಕೆಲವು ಮನೋವಿಜ್ಞಾನಿಗಳು 2006ರಲ್ಲಿ ಬಲವಾಗಿ ಮಂಡಿಸಿದ್ದಾರೆ. ಆ ಟೀಕೆ ಸರಿಯೇ. ಆದ್ದರಿಂದಲೇ ಕಾರ್ಯಾಗಾರ ಮೊದಲು ನಡೆಯಬೇಕಾದದ್ದು ಶಿಕ್ಷಕರಿಗೆ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಕಲಿಕೆಯ ಕಾರ್ಯಕ್ರಮ 30 ವರ್ಷ ನಡೆದು, 2002ರಲ್ಲಿ ಸರ್ಕಾರ ನಿಲ್ಲಿಸುವ ಹೊತ್ತಿಗೆ ನೂರಾರು ಶಾಲೆಗಳಿಗೆ ಹಬ್ಬಿತ್ತು. ಅದರ ಬೆನ್ನೆಲುಬು ದುಬಾರಿ ಉಪಕರಣವಾಗಿರಲಿಲ್ಲ. ಶಿಕ್ಷಕರ ತರಬೇತಿ, ಅವರ ಮಾಸಿಕ ಸಭೆ, ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ ಅದನ್ನು ಎತ್ತಿ ಹಿಡಿದಿದ್ದವು. ಬೆಂಕಿಕಡ್ಡಿ, ಸೈಕಲ್ ಟ್ಯೂಬಿನಿಂದ ಆಟಿಕೆ ಕಟ್ಟುವ ಅರವಿಂದ ಗುಪ್ತರ ಕೆಲಸಕ್ಕೆ ತಿರುವು ಸಿಕ್ಕಿದ್ದೂ ಅಲ್ಲಿಯೇ. ಪರೀಕ್ಷೆ ಬದಲಾಗದೆ, ಶಿಕ್ಷಕರು ಜೊತೆಗಿಲ್ಲದೆ ಯಾವ ವ್ಯಾನೂ ಶಾಲೆಯನ್ನು ಬದಲಿಸಲಾರದು.

ಹಾಗಾಗಿ ಕಾರ್ಯಾಗಾರ ನಡೆಸುವವರು ಹೊರಡುವ ಮುನ್ನ ಮೂರನ್ನು ಬಿಟ್ಟುಹೋಗಲಿ: ಒಂದು ಅಗ್ಗದ ಅಳತೆಯ ಸಾಧನ, ಅದನ್ನು ಬಳಸಬಲ್ಲ ಒಬ್ಬ ಶಿಕ್ಷಕ, ಉತ್ತರ ಇನ್ನೂ ಸಿಗದ ಒಂದು ಪ್ರಶ್ನೆ. ಅಂಥ ಪ್ರಶ್ನೆ ಈ ನಾಡಿನಲ್ಲೇ ಇದೆ. ತುಂಗಭದ್ರೆಯ ನೀರನ್ನೆತ್ತಿ ಜಗಳೂರಿನ 57 ಕೆರೆಗಳನ್ನು ತುಂಬಿಸುವ ಯೋಜನೆಯಿಂದ ಹೊನ್ನಾಳಿಯನ್ನು ದಾಟಿ ಹೋದ ಹೊಳೆಯೇ ಬಯಲು ಸೀಮೆಯ ಕೆರೆಗೆ ಬರುತ್ತಿದೆ. ಕೆರೆ ತುಂಬಿದ ಮೇಲೆ ಪಕ್ಕದ ಬೋರ್‌ವೆಲ್ಲಿನ ಫ್ಲೋರೈಡ್ ಇಳಿಯುತ್ತದೆಯೇ? ಎಷ್ಟು ದೂರದವರೆಗೆ, ಎಷ್ಟು ಮಳೆಗಾಲಗಳ ನಂತರ? ಒಂದು ದಿನದ ಕಾರ್ಯಾಗಾರ ಇದಕ್ಕೆ ಉತ್ತರಿಸಲಾರದು. ಹೊಳೆಯ ನೀರನ್ನು ಹೊನ್ನಾಳಿ, ನ್ಯಾಮತಿಯ ಮಕ್ಕಳೂ ಕೆರೆ, ಬೋರ್‌ವೆಲ್ಲಿನ ನೀರನ್ನು ಜಗಳೂರಿನ ಮಕ್ಕಳೂ ತಿಂಗಳಿಗೊಮ್ಮೆ ಅಳೆದು, ದೊಡ್ಡ ಕೆರೆಯ ಮಗ್ಗುಲಿನ ಬಾವಿಗಳು ಹೇಗಿವೆ ಎಂದು ಚನ್ನಗಿರಿಯ ಮಕ್ಕಳು ಹೋಲಿಕೆಗೆ ಬರೆದು ಕಳಿಸಿ, ಎಂಟನೆಯ ತರಗತಿಯವರು ಹತ್ತಕ್ಕೆ ಹೋಗುವಾಗ ಪುಸ್ತಕವನ್ನು ಕಿರಿಯರ ಕೈಗಿಟ್ಟರೆ, ಕೆಲವು ವರ್ಷಗಳಲ್ಲಿ ಉತ್ತರ ಆ ಪುಟಗಳಲ್ಲೇ ಕಾಣತೊಡಗುತ್ತದೆ. ತಾವು ಕುಡಿಯುವ ನೀರಿನ ಬಗ್ಗೆ ತಾವೇ ಬರೆದಿಟ್ಟ ಆ ಲೆಕ್ಕವನ್ನು ಮಕ್ಕಳು ಗ್ರಾಮಸಭೆಯ ಮುಂದಿಡುವ ದಿನ, ಎಂದೋ ಬಂದು ಹೋದ ವ್ಯಾನಿನ ಕೆಲಸ ಸಾರ್ಥಕವಾಗುತ್ತದೆ.