ಅಂಗೈಯಗಲದ ಟಿ-34

ಪೆಟ್ಟಿಗೆ ಬಿಚ್ಚಿದರೆ ಒಳಗೆ ಟ್ಯಾಂಕ್ ಇಲ್ಲ. ಇರುವುದು ಬೂದು ಪ್ಲಾಸ್ಟಿಕ್ಕಿನ ಚೌಕಟ್ಟುಗಳು. ಗಾಲಿ, ಚೈನು, ಫಿರಂಗಿಯ ನಳಿಗೆ, ಅದನ್ನು ಹೊತ್ತು ತಿರುಗುವ ಟರೆಟ್ ಎಲ್ಲವೂ ಬಳ್ಳಿಗೆ ಬಿಟ್ಟ ಕಾಯಿಗಳ ಹಾಗೆ ತೊಟ್ಟು ಹಿಡಿದುಕೊಂಡಿವೆ. ಒಂದೊಂದರ ಪಕ್ಕದಲ್ಲೂ ಪುಟ್ಟ ಅಂಕಿ. ಎರಡನೆಯ ಮಹಾಯುದ್ಧದ ಸೋವಿಯತ್ ಟಿ-34 ಈ ಬಿಡಿಭಾಗಗಳಿಂದಲೇ ಎದ್ದು ಬರಬೇಕು.

ಇದು ಶೋಕೇಸಿನ ಬೊಂಬೆಯಲ್ಲ, ಮೇಜಿನ ಮೇಲೆ ಆಡುವ ಯುದ್ಧದಾಟದ ಕಾಯಿ. ಅಳತೆ 1:56. ಹೆಚ್ಚುಕಡಿಮೆ ಆರು ಮೀಟರ್ ಉದ್ದದ ಒಡಲು ಹತ್ತೂವರೆ ಸೆಂಟಿಮೀಟರಿಗೆ ಇಳಿದಿದೆ. ಜೊತೆಗೆ ಸಾಗುವ ಸೈನಿಕರು 28 ಮಿಲಿಮೀಟರಿನವರು.

ಈ ಹುಚ್ಚು ಇಂದಿನದಲ್ಲ. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1903ರಲ್ಲೇ ‘ದಿ ಲ್ಯಾಂಡ್ ಐರನ್‌ಕ್ಲಾಡ್ಸ್’ ಕಥೆಯಲ್ಲಿ ಉಕ್ಕಿನ ಕವಚ ತೊಟ್ಟ ಯುದ್ಧವಾಹನಗಳನ್ನು ಕಲ್ಪಿಸಿದ್ದರು. 1913ರಲ್ಲಿ ‘ಲಿಟಲ್ ವಾರ್ಸ್’ ಬರೆದು, ಆಟಿಕೆ ಸೈನಿಕರನ್ನು ನೆಲದ ಮೇಲೆ ನಿಲ್ಲಿಸಿ ಸ್ಪ್ರಿಂಗ್ ಫಿರಂಗಿಯಿಂದ ಉರುಳಿಸುವ ಆಟಕ್ಕೆ ನಿಯಮ ಕಟ್ಟಿದರು. ನಿಜವಾದ ಟ್ಯಾಂಕ್ ರಣರಂಗಕ್ಕೆ ಇಳಿದದ್ದು ಆಮೇಲೆ, 1916ರಲ್ಲಿ. 2012ರಲ್ಲಿ ಬ್ರಿಟನ್ನಿನಲ್ಲಿ ಬಂದ ‘ಬೋಲ್ಟ್ ಆಕ್ಷನ್’ನಂಥ ಆಟಗಳಲ್ಲಿ ಆ ಸ್ಪ್ರಿಂಗಿನ ಕೆಲಸವನ್ನು ದಾಳ ಮಾಡುತ್ತದೆ.

ಮೊದಲು ಕಟರ್. ತೊಟ್ಟನ್ನು ಭಾಗಕ್ಕೆ ತಾಗಿಸಿ ಕತ್ತರಿಸಬಾರದು. ಚೂರು ಉಳಿಸಿ ಕತ್ತರಿಸಿ, ಉಳಿದದ್ದನ್ನು ಬ್ಲೇಡಿನಿಂದ ಹೆರೆಯಬೇಕು. ಅಚ್ಚಿನ ಎರಡು ಹೋಳು ಕೂಡಿದಲ್ಲಿ ಕೂದಲೆಳೆಯಷ್ಟು ಏಣು ನಿಂತಿರುತ್ತದೆ, ಅದನ್ನೂ ಕೆರೆದು ತೆಗೆಯಬೇಕು. ಬಿಟ್ಟರೆ ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತದೆ. ಅಂಟು ಎರಡೂ ಅಂಚುಗಳ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದಾಗಿಸುತ್ತದೆ. ಮುಂಭಾಗದ ಫಲಕ ಕೂರಿಸುವಾಗ ಕೈ ನಿಧಾನವಾಗುತ್ತದೆ. ನಿಜದ ಟ್ಯಾಂಕಿನಲ್ಲಿ 45 ಮಿಲಿಮೀಟರ್ ದಪ್ಪದ ಈ ಫಲಕ ಲಂಬಕ್ಕೆ 60 ಡಿಗ್ರಿ ವಾಲಿತ್ತು. ವಾಲಿದ ಉಕ್ಕನ್ನು ಗುಂಡು ಓರೆಯಾಗಿ, ಹೆಚ್ಚು ದೂರ ಕೊರೆಯಬೇಕು, ಇಲ್ಲವೇ ಜಾರಿಹೋಗಬೇಕು. ಆ ಓರೆ ತಪ್ಪಿದರೆ ಟಿ-34ರ ಚಹರೆಯೇ ಹೋಯಿತು.

ಟರೆಟ್ಟಿನದು ಬೇರೆ ಕಥೆ. ಪ್ಲಾಸ್ಟಿಕ್ ನುಣ್ಣಗಿದೆ, ಅಸಲಿ ಹಾಗಿರಲಿಲ್ಲ. 1941ರಲ್ಲಿ ಜರ್ಮನ್ ಸೇನೆ ಹತ್ತಿರ ಬಂದಾಗ ಖಾರ್ಕಿವ್‌ನ ಟ್ಯಾಂಕ್ ಕಾರ್ಖಾನೆಯನ್ನು ಉರಲ್ ಸೀಮೆಯ ನಿಜ್ನಿ ತಗಿಲ್‌ಗೆ ಸಾಗಿಸಿದರು. ಸಂಖ್ಯೆ ಮುಖ್ಯವಾದಾಗ ನುಣುಪು ಯಾರಿಗೆ ಬೇಕು? ಎರಕದ ಟರೆಟ್‌ಗಳು ಒರಟೊರಟಾಗಿಯೇ ಹೊರಬಂದವು. ಅದಕ್ಕೇ ತೆಳುವಾದ ಪುಟ್ಟಿ ಬಳಿದು, ಅದು ಆರುವ ಮೊದಲೇ ಗಡಸು ಕುಂಚದ ತುದಿಯಿಂದ ಚುಚ್ಚಿ ಚುಚ್ಚಿ ಮೈಯನ್ನು ತರಿತರಿ ಮಾಡುತ್ತಾರೆ.

ಆಮೇಲೆ ಹಸಿರು ಬಣ್ಣ. ಹೊಸ ಟ್ಯಾಂಕ್ ತಯಾರಾಯಿತು ಅನ್ನುವಷ್ಟರಲ್ಲಿ ಅದನ್ನು ಹಳತು ಮಾಡುವ ಕೆಲಸ ಶುರು. ನೀರಾಗಿಸಿದ ಕಂದು ಬಣ್ಣ ಸಂದಿಗೊಂದಿಗೆ ಇಳಿಯುತ್ತದೆ. ಸ್ಪಂಜಿನ ಚೂರನ್ನು ಗಾಢ ಕಂದಿನಲ್ಲಿ ಅದ್ದಿ ಮುಚ್ಚಳದ ಅಂಚಿಗೆ ಒತ್ತಿದರೆ, ಸೈನಿಕರ ಬೂಟು ತಾಗಿ ಬಣ್ಣ ಎದ್ದ ಕಲೆ ಮೂಡುತ್ತದೆ. ಹಿಂದಿನ ಎರಡು ಹೊಗೆಕೊಳವೆಗಳಿಗೆ ಮಸಿ. ಚೈನಿನ ಉಬ್ಬುಗಳ ಮೇಲೆ ಮೆತ್ತನೆಯ ಪೆನ್ಸಿಲ್ ಉಜ್ಜಿದರೆ ನೆಲಕ್ಕೆ ಸವೆದ ಉಕ್ಕಿನ ಹೊಳಪು. ಸೋಸಿದ ಮರಳು, ಕಂದು ಪುಡಿ, ಬಿಳಿ ಅಂಟು ಕಲಸಿ ಗಾಲಿಗಳ ನಡುವೆ ಮೆತ್ತಿದರೆ ವಸಂತದಲ್ಲಿ ಹಿಮ ಕರಗಿದ ರಷ್ಯಾದ ಕೆಸರು.

ಕುಸುರಿ ಎಷ್ಟೇ ಇರಲಿ, ಇದು ಹತ್ತು ಕೈ ಮುಟ್ಟುವ ವಸ್ತು. ಅದಕ್ಕೇ ಟರೆಟ್ಟಿಗೆ ಅಂಟು ಹಾಕುವುದಿಲ್ಲ, ಗುರಿಯ ಕಡೆ ತಿರುಗಬೇಕಲ್ಲ. ಮುರಿಯಬಹುದಾದ ಸೂಕ್ಷ್ಮ ಕಡ್ಡಿಗಳನ್ನು ಕೈಬಿಡುತ್ತಾರೆ. ಕೊನೆಗೆ ಹೊಳಪಿಲ್ಲದ ವಾರ್ನಿಷ್ ಹೊಡೆದು ಬಣ್ಣವನ್ನು ಬೆರಳುಗಳಿಂದ ಕಾಯುತ್ತಾರೆ.

ಇನ್ನು ಆಟ. ಟ್ಯಾಂಕಿನ ಮುಖ ಗಟ್ಟಿ, ಪಕ್ಕೆ ಮೆದು, ಬೆನ್ನು ಇನ್ನೂ ಮೆದು. ನಿಯಮವೂ ಹಾಗೇ ಹೇಳುತ್ತದೆ. ಹೊಸದಾಗಿ ಬಣ್ಣ ಕಂಡ ಟ್ಯಾಂಕೇ ಮೊದಲು ಸಾಯುವುದು ಎನ್ನುವುದು ಆಟಗಾರರ ಹಳೆಯ ತಮಾಷೆ. ದಾಳ ಉರುಳಿತು, ಟಿ-34 ಹೊತ್ತಿ ಉರಿಯಿತು. ಕಪ್ಪು ಬಳಿದ ಹತ್ತಿಯ ಉಂಡೆ ಹೊಗೆಯಾಗಿ ಟರೆಟ್ಟಿನ ಮೇಲೆ ಕೂತಿತು. ಗೆದ್ದ ಎದುರಾಳಿ ಬಗ್ಗಿ, ಗಾಲಿಗಳ ಸಂದಿಯನ್ನೇ ನೋಡುತ್ತಾ, “ಈ ಕೆಸರು ಹೇಗೆ ಮಾಡಿದಿರಿ?” ಅನ್ನುತ್ತಾನೆ. ಸೋತವನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಮರಳು ಸೋಸುವುದರಿಂದ ಪಾಠ ಶುರುಮಾಡುತ್ತಾನೆ.