ದೂರದರ್ಶನದ ಹಳೆಯ ಪೆಟ್ಟಿಗೆ, ಹೊಸ ಒಡಲು

ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು ಅಸಿಸ್ಸಿಯ ಸಂತ ಕ್ಲಾರಾರನ್ನು ದೂರದರ್ಶನದ ಪಾಲಕಿಯೆಂದು ಸಾರಿದ್ದು 1958ರಲ್ಲಿ. ರೋಗಶಯ್ಯೆಯಲ್ಲಿದ್ದ ಆ ಸನ್ಯಾಸಿನಿಗೆ ದೇವಾಲಯದ ಕ್ರಿಸ್ತಜಯಂತಿಯ ಬಲಿಪೂಜೆಯು ಮಲಗಿದ್ದಲ್ಲಿಂದಲೇ ಗೋಚರಿಸಿತೆಂಬ ಐತಿಹ್ಯವನ್ನು ಓದುಗರು ಬಲ್ಲರು. ಆ ಘೋಷಣೆಗೆ ನಾಲ್ಕು ವರ್ಷ ಮುಂಚೆ, 1954ರಲ್ಲಿ, ಅಮೆರಿಕದ ಆರ್‌ಸಿಎ ಕಂಪನಿಯು ಸಿಟಿ-100 ಎಂಬ ಬಣ್ಣದ ದೂರದರ್ಶನ ಪೆಟ್ಟಿಗೆಯನ್ನು 1000 ಡಾಲರಿಗೆ ಮಾರಾಟಕ್ಕಿಟ್ಟಿತ್ತು. ಅಳಿದುಳಿದ ಆ ಪೆಟ್ಟಿಗೆಗಳನ್ನು ಅಲ್ಲಿನ ಸಂಗ್ರಾಹಕರು ಅರಸಿ ತಂದು ದುರಸ್ತಿ ಮಾಡುತ್ತಾರೆ.

ಅವರ ಒಂದು ಕ್ರಮ ನಮ್ಮನ್ನು ಚಿಂತನೆಗೆ ಹಚ್ಚಿದೆ. ಕಾಗದದ ಹಳೆಯ ಕೆಪಾಸಿಟರುಗಳು ಕಾಲಕ್ರಮದಲ್ಲಿ ಕೆಡುತ್ತವೆ. ಕೆಲವರು ಕವಚವನ್ನಷ್ಟೇ ಉಳಿಸಿ, ಒಳಗಿನದನ್ನು ತೆಗೆದು, ಹೊಸದನ್ನು ಹುದುಗಿಸಿ ಮುಚ್ಚುತ್ತಾರೆ. ಇದು ವಂಚನೆಯೇ? ಹಲಗೆಗಳನ್ನೆಲ್ಲ ಬದಲಿಸಿದ ಮೇಲೂ ಥೀಸಿಯಸನ ಹಡಗು ಅದೇ ಹಡಗೇ ಎಂದು ಗ್ರೀಕರು ವಾದಿಸಿದರು. ಗುರುಮಠದಲ್ಲಿ ನಾವೂ ಊಟದ ಗಂಟೆ ಬಾರಿಸುವವರೆಗೆ ವಾದಿಸಿದ್ದುಂಟು. ಅರಿಸ್ಟಾಟಲನ ದಾರಿ ಹಿಡಿದವರಿಗೆ ದ್ರವ್ಯಕ್ಕಿಂತ ರೂಪವೂ ಉದ್ದೇಶವೂ ಹಿರಿದು. ಚಿತ್ರ ತೋರದ ಪೆಟ್ಟಿಗೆ ಹೆಸರಿಗಷ್ಟೇ ದೂರದರ್ಶನ. ಬದಲಿಸಿದ್ದನ್ನು ಬರೆದಿಟ್ಟು, ಕೊಳ್ಳುವವನಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದರೆ ಅದರಲ್ಲಿ ದೋಷ ನಮಗೆ ಕಾಣದು. ತಿಳಿಸದೆ ಮಾರಿದರೆ ಮಾತ್ರ ಅದು ಕಳ್ಳ ತಕ್ಕಡಿಯ ವ್ಯಾಪಾರ.

ಚಿತ್ರನಳಿಕೆಯ ಮಾತು ಬೇರೆ. ಸಿಟಿ-100ರ ನಳಿಕೆಯಲ್ಲಿ ಗಾಜೂ ಲೋಹವೂ ಕೂಡುವ ಅಂಚಿನಿಂದ ದಶಕಗಳುದ್ದಕ್ಕೂ ಗಾಳಿ ಒಳನುಸುಳುತ್ತದೆ. ನಿರ್ವಾತ ಕೆಟ್ಟ ನಳಿಕೆ ಬೆಳಗದು. ಅದನ್ನು ಮತ್ತೆ ಬರಿದುಮಾಡಿ ಮುಚ್ಚಬಲ್ಲ ಕುಶಲಿಗಳು ತೀರ ವಿರಳ. ಆದಕಾರಣ ಮರದ ಕವಚ ಎಷ್ಟೇ ಹೊಳೆಯಲಿ, ಬಲ್ಲ ಸಂಗ್ರಾಹಕ ಮೊದಲು ವಿಚಾರಿಸುವುದು ನಳಿಕೆಯೊಳಗೆ ಆ ಬರಿದು ಇನ್ನೂ ಉಳಿದಿದೆಯೇ ಎಂದು.