ತಿಂಗಳ ಬಿಲ್ಲು, ವರ್ಷದ ಬೆಳೆ: ನಾನು ಕ್ರೆಡಿಟ್ ಕಾರ್ಡ್ ಆರಿಸಿದ ಕಥೆ

ಕಳೆದ ಜನವರಿಯ ನಾಲ್ಕನೇ ಶನಿವಾರ. ಬಾಳ್ಳುಪೇಟೆಯಿಂದ ಒಳಗೆ ಹೋದರೆ ಗುಡ್ಡದ ಇಳಿಜಾರಿನಲ್ಲಿ ನಮ್ಮ ಮೂರೂವರೆ ಎಕರೆ ಕಾಫಿ ತೋಟ. ರೋಬಸ್ಟಾ ಕುಯ್ಲು ಜೋರಾಗಿತ್ತು. ಕಣದ ತುಂಬ ಹಣ್ಣು, ಗೇಟಿನ ಹತ್ತಿರ ಬಟವಾಡೆಗೆ ಕಾಯುತ್ತಿದ್ದ ಆಳುಗಳು. ಅಪ್ಪನ ಕೈಯಲ್ಲಿ ಮಾತ್ರ ದುಡ್ಡಿಲ್ಲ. ಬ್ಯಾಂಕಿಗೆ ರಜೆ, ಚೀಲ ಕೊಂಡುಹೋದ ವ್ಯಾಪಾರಿ ಮುಂದಿನ ವಾರ ಕೊಡ್ತೀನಿ ಅಂದಿದ್ದ.

"ಪುಟ್ಟಿ, ನಿನ್ ಹತ್ರ ಏನಾದ್ರೂ ಇದ್ಯಾ?"

ತಿಂಗಳ ಕೊನೆ. ನನ್ನ ಖಾತೆಯಲ್ಲಿ ಬೆಂಗಳೂರಿನ ಬಾಡಿಗೆಗೆ ಇಟ್ಟಿದ್ದು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಆದರೆ ಪರ್ಸಿನಲ್ಲಿ ಕ್ರೆಡಿಟ್ ಕಾರ್ಡ್ ಇತ್ತಲ್ಲ! ಆನೆಗಳು ರಸ್ತೆಗೆ ಇಳಿಯೋ ಹೊತ್ತಿಗೆ ಮುಂಚೆ ಸ್ಕೂಟರಿನಲ್ಲಿ ಹೋಗಿ, ಎಟಿಎಂನಿಂದ ಒಂದೇ ಸಲಕ್ಕೆ 20,000 ರೂ. ತಂದುಕೊಟ್ಟೆ. ಅಪ್ಪನಿಗೆ ನಿರಾಳ, ನನಗೆ ಹೆಮ್ಮೆ.

ಮುಂದಿನ ವಾರವೇ ಅಪ್ಪ ದುಡ್ಡು ವಾಪಸ್ ಹಾಕಿದರು. ನಾನೇ ಸುಮ್ಮನಿದ್ದೆ. "45 ದಿನ ಬಡ್ಡಿ ಇಲ್ವಲ್ಲ, ಬಿಲ್ ಬಂದಾಗ ಕಟ್ಟಿದ್ರಾಯ್ತು" ಅನ್ನೋ ಧೈರ್ಯ. ಕಟ್ಟುವಾಗ ಸರಿಯಾಗಿ ಒಂದು ತಿಂಗಳಾಗಿತ್ತು. ಬಿಲ್ಲಿನಲ್ಲಿ 20,000ದ ಮೇಲೆ ಇನ್ನೂ 1,416 ರೂ. ಇತ್ತು.

ಆ 1,416 ಎಲ್ಲಿಂದ ಬಂತು?

ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಜಗಳ ಆಡೋಣ ಅಂತಲೇ ಕೂತೆ. ಅದಕ್ಕೆ ಮುಂಚೆ ಕಾರ್ಡಿನ ಜೊತೆ ಬಂದಿದ್ದ ದರಪಟ್ಟಿ ಓದಿದೆ, ಬಾಯಿ ಮುಚ್ಚಿತು.

ನಗದು ತೆಗೆದ ಶುಲ್ಕ ಶೇ. 2.5, ಅಂದರೆ 500 ರೂ. ಅದರ ಮೇಲೆ ಶೇ. 18 ಜಿಎಸ್‌ಟಿ 90 ರೂ. ತಿಂಗಳಿಗೆ ಶೇ. 3.5ರಂತೆ ಬಡ್ಡಿ 700 ರೂ. ಬಡ್ಡಿಯ ಮೇಲೂ ಜಿಎಸ್‌ಟಿ 126 ರೂ. ಒಟ್ಟು 1,416.

ಬಡ್ಡಿಯಿಲ್ಲದ ದಿನಗಳು ಇರುವುದು ಸಾಮಾನು ಕೊಂಡಾಗ ಮಾತ್ರ, ಅದೂ ಹಿಂದಿನ ಬಿಲ್ ಪೂರ್ತಿ ಕಟ್ಟಿದ್ದರೆ. ಎಟಿಎಂನಲ್ಲಿ ನೋಟು ಹೊರಗೆ ಬಂದ ದಿನದಿಂದಲೇ ಬಡ್ಡಿ ಶುರು. ನಾನು ಅಪ್ಪ ಕೊಟ್ಟ ದಿನವೇ ಕಟ್ಟಿದ್ದರೆ ಬಡ್ಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತಿತ್ತು.

ಈ ವಿಷಯ ಹೇಳಿದಾಗ ಅಪ್ಪ ಬೈಯಲಿಲ್ಲ. ಬೀರು ತೆಗೆದು ಒಂದು ಪಾಸ್ ಪುಸ್ತಕ, ಅದರೊಳಗೆ ಕವರಿನಿಂದ ಹೊರಗೇ ಬಾರದ ಒಂದು ರುಪೇ ಕಾರ್ಡ್ ತಂದು ಮುಂದಿಟ್ಟರು. ಕಿಸಾನ್ ಕ್ರೆಡಿಟ್ ಕಾರ್ಡ್. ಪಿನ್ ಕೂಡ ಮಾಡಿಸಿರಲಿಲ್ಲ. ಸಾಲದ ಮಿತಿಯಲ್ಲಿ ಇನ್ನೂ ದುಡ್ಡು ಬಾಕಿ ಇತ್ತು. ಪುಸ್ತಕದಲ್ಲಿದ್ದ ಬಡ್ಡಿ ವರ್ಷಕ್ಕೆ ಶೇ. 7.

ಅದರಲ್ಲಿ 20,000 ತೆಗೆದಿದ್ದರೆ ಇಡೀ ವರ್ಷಕ್ಕೆ ಬಡ್ಡಿ 1,400 ರೂ. ನಾನು ಒಂದೇ ತಿಂಗಳಿಗೆ ಕಟ್ಟಿದ್ದು 1,416.

ಹೆಸರು ಒಂದೇ, ಜಾತಿ ಬೇರೆ

1998ರಲ್ಲಿ ಶುರುವಾದ ಕಿಸಾನ್ ಕ್ರೆಡಿಟ್ ಕಾರ್ಡ್ ಹೆಸರಿಗೆ ಮಾತ್ರ ಕ್ರೆಡಿಟ್ ಕಾರ್ಡ್. ನಿಜದಲ್ಲಿ ಅದು ಬೆಳೆಸಾಲದ ಖಾತೆ. ಬೆಳೆ ಮಾರಿದಾಗ ಕಟ್ಟು ಅನ್ನುತ್ತದೆ. ಕೇಂದ್ರದ ಯೋಜನೆಯಲ್ಲಿ 3 ಲಕ್ಷದವರೆಗಿನ ಬೆಳೆಸಾಲಕ್ಕೆ ಶೇ. 7 ಬಡ್ಡಿ, ಹೇಳಿದ ಸಮಯಕ್ಕೆ ಕಟ್ಟಿದರೆ ಇನ್ನೂ ಶೇ. 3 ರಿಯಾಯಿತಿ. 2025ರ ಬಜೆಟ್‌ನಲ್ಲಿ ಈ ಮಿತಿಯನ್ನು 5 ಲಕ್ಷಕ್ಕೆ ಏರಿಸುವ ಘೋಷಣೆಯಾಯಿತು. ಅಡಮಾನವಿಲ್ಲದ ಕೃಷಿ ಸಾಲದ ಮಿತಿ 2025ರ ಜನವರಿಯಿಂದ 2 ಲಕ್ಷ. ನಿಮ್ಮ ತೋಟಕ್ಕೆ ಎಷ್ಟು ಮಿತಿ, ಯಾವ ರಿಯಾಯಿತಿ ಅಂತ ಶಾಖೆಯಲ್ಲೇ ಕೇಳಿ.

ನಮ್ಮ ಕಾರ್ಡ್ ಹಾಗಲ್ಲ. ಅದು ಸಂಬಳದವರಿಗೆ ಮಾಡಿದ್ದು. ಹೂ ಮಳೆ ಬಂತಾ, ಕಾಯಿ ಉದುರಿತಾ ಅಂತ ಕೇಳೋದಿಲ್ಲ. ತಿಂಗಳಿಗೊಂದು ಸಲ ಬಿಲ್ ಬರುತ್ತದೆ, ಕಟ್ಟಲೇಬೇಕು.

ಹಾಗಾದರೆ ನನಗೆ ಯಾವ ಕಾರ್ಡ್?

ಹಳೇ ಕಾರ್ಡ್ ಬಿಟ್ಟು ಬೇರೆ ಹುಡುಕಲು ಹೊರಟೆ. ನನ್ನ ಉಳಿತಾಯ ಖಾತೆ ಇರುವುದು ಕರ್ನಾಟಕ ಬ್ಯಾಂಕಿನಲ್ಲಿ. 1924ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು, ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ನಂಬಿಕೆ. ಅಲ್ಲಿ ಮೊದಲು ಗೊತ್ತಾದ ವಿಷಯ: ಅವರ ಹೆಸರಿನ ಕ್ರೆಡಿಟ್ ಕಾರ್ಡ್‌ಗಳು ಎಸ್‌ಬಿಐ ಕಾರ್ಡ್ ಸಂಸ್ಥೆಯ ಜೊತೆ ಸೇರಿ ಕೊಡುವಂಥವು. ಬಿಲ್, ಬಡ್ಡಿ, ದೂರು ಎಲ್ಲ ಕಾರ್ಡ್ ಸಂಸ್ಥೆಯ ಹತ್ತಿರ. ಪರಿಚಯದ ಮ್ಯಾನೇಜರ್ ಹತ್ತಿರ "ಸಾರ್, ಲೇಟ್ ಫೀ ಸ್ವಲ್ಪ ನೋಡಿ" ಅಂದರೆ ಅವರ ಕೈಯಲ್ಲಿ ಇರುವುದಿಲ್ಲ. ಯಾವ ಬ್ಯಾಂಕಿನ ಕಾರ್ಡ್ ತಗೊಂಡರೂ "ಇದನ್ನು ನಿಜವಾಗಿ ಕೊಡೋದು ಯಾರು?" ಅಂತ ಕೇಳಿಕೊಳ್ಳಿ.

ಎರಡು ಕಾರ್ಡ್ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದೆ: ಸಿಂಪ್ಲಿಸೇವ್ ಮತ್ತು ಪ್ರೈಮ್. ನನ್ನ ಖರ್ಚು ತಿಂಗಳಿಗೆ 15,000 ರೂ., ಅದರಲ್ಲಿ ದಿನಸಿ ಮತ್ತು ಹೋಟೆಲ್ 6,000. ದರಗಳು ಬದಲಾಗುತ್ತಿರುತ್ತವೆ. ನಾನು ನೋಡಿದಾಗ ಇದ್ದದ್ದು ಹೀಗೆ:

• ಸಿಂಪ್ಲಿಸೇವ್: ವರ್ಷದ ಶುಲ್ಕ 499 ರೂ. ಜೊತೆಗೆ ಜಿಎಸ್‌ಟಿ. ವರ್ಷಕ್ಕೆ 1 ಲಕ್ಷ ಖರ್ಚು ಮಾಡಿದರೆ ಮನ್ನಾ. ದಿನಸಿ, ಹೋಟೆಲ್, ಸಿನಿಮಾಕ್ಕೆ 150 ರೂ.ಗೆ 10 ಪಾಯಿಂಟ್, ಉಳಿದದ್ದಕ್ಕೆ 1. ನಾಲ್ಕು ಪಾಯಿಂಟ್‌ಗೆ 1 ರೂ. ನನಗೆ ತಿಂಗಳಿಗೆ ಸಿಗುವುದು 115 ರೂ., ವರ್ಷಕ್ಕೆ 1,380. ಶುಲ್ಕ ಮನ್ನಾ.

• ಪ್ರೈಮ್: ಶುಲ್ಕ 2,999 ರೂ., ಜಿಎಸ್‌ಟಿ ಸೇರಿ ಸುಮಾರು 3,539. ಮನ್ನಾ ಆಗಲು 3 ಲಕ್ಷ ಖರ್ಚಾಗಬೇಕು. 100 ರೂ.ಗೆ 10 ಪಾಯಿಂಟ್, ಉಳಿದದ್ದಕ್ಕೆ 2. ನನಗೆ ವರ್ಷಕ್ಕೆ 2,340 ರೂ. ಸಿಕ್ಕರೂ, ಖರ್ಚು 1.8 ಲಕ್ಷ ಮಾತ್ರ ಆದ್ದರಿಂದ ಶುಲ್ಕ ಕಟ್ಟಲೇಬೇಕು. ಅಂದರೆ ನಷ್ಟ. ವಿಮಾನ ನಿಲ್ದಾಣದ ಲೌಂಜ್ ಉಚಿತ, ನಿಜ. ಊರಿಗೆ ಬರೋದು ರೈಲಿನಲ್ಲಿ, ಇಳಿಯೋದು ಸಕಲೇಶಪುರದಲ್ಲಿ. ಲೌಂಜ್ ತಗೊಂಡು ನಾನೇನು ಮಾಡಲಿ?

ತಿಂಗಳಿಗೆ 25,000 ದಾಟಿ ಖರ್ಚು ಇದ್ದು, ಆಗಾಗ ವಿಮಾನ ಹತ್ತುವವರಿಗೆ ಪ್ರೈಮ್ ಲೆಕ್ಕ ಸರಿಹೋಗಬಹುದು. ಕಾರ್ಡ್‌ಗೋಸ್ಕರ ಖರ್ಚು ಹೆಚ್ಚಿಸಿದರೆ ಮಾತ್ರ ಕೆಟ್ಟಿರಿ.

ಈಗ ಮೂರು ಅಂಕಿ ಒಟ್ಟಿಗೆ ನೋಡಿ. ಒಳ್ಳೇ ಕಾರ್ಡಿನಿಂದ ವರ್ಷವಿಡೀ ನಾನು ಗಳಿಸುವುದು 1,380. ಅಪ್ಪನ ಖಾತೆಯ ಒಂದು ವರ್ಷದ ಬಡ್ಡಿ 1,400. ಎಟಿಎಂನಲ್ಲಿ ಒಂದು ಶನಿವಾರ ಮಾಡಿದ ತಪ್ಪಿಗೆ ಹೋದದ್ದು 1,416. ಯಾವ ಕಾರ್ಡ್ ಅನ್ನೋದಕ್ಕಿಂತ ಹೇಗೆ ಬಳಸ್ತೀವಿ ಅನ್ನೋದೇ ದೊಡ್ಡದು.

ಗುಡ್ಡದಲ್ಲಿ ಬೇರೆಯದೇ ಕಷ್ಟ

ಬೆಂಗಳೂರಿನಲ್ಲಿ ಕೂತು ಹೋಲಿಕೆ ಮಾಡುವಾಗ ಹೊಳೆಯದ ಎರಡು ವಿಷಯ ಊರಿಗೆ ಬಂದಾಗ ಗೊತ್ತಾಯಿತು.

ಒಂದು, ಆಲೂರಿನಲ್ಲಿ ನಾವು ಹೋಗುವ ದಿನಸಿ ಅಂಗಡಿಯಲ್ಲಿ ಸ್ವೈಪ್ ಮಷೀನ್ ಇಲ್ಲ, ಕ್ಯೂಆರ್ ಇದೆ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಅಂಗಡಿಯ ಕ್ಯೂಆರ್‌ಗೆ ಕಟ್ಟಬಹುದು. ವೀಸಾ, ಮಾಸ್ಟರ್‌ಕಾರ್ಡ್‌ಗೆ ಈ ಸೌಲಭ್ಯ ಇಲ್ಲ. ಕೆನರಾ ಬ್ಯಾಂಕಿನಂಥವು ತಮ್ಮದೇ ರುಪೇ ಕ್ರೆಡಿಟ್ ಕಾರ್ಡ್ ಕೊಡುತ್ತವೆ. ಊರಲ್ಲೇ ಇರುವವರಿಗೆ ಲೌಂಜ್‌ಗಿಂತ ಕಾರ್ಡ್ ಮೇಲಿನ ಈ ರುಪೇ ಗುರುತೇ ಮುಖ್ಯ. ಆದರೆ ಅದರಿಂದ ಆಳುಗಳ ಸ್ವಂತ ಖಾತೆಗೆ ಹಣ ಹಾಕಲು ಬರುವುದಿಲ್ಲ, ಅಂಗಡಿಗಳಿಗೆ ಮಾತ್ರ.

ಎರಡು, ಒಟಿಪಿ. ನಮ್ಮ ತೋಟದಲ್ಲಿ ಸಿಗ್ನಲ್ ಸಿಗೋದು ಕಣದ ಮೂಲೆಯಲ್ಲಿ ಮಾತ್ರ, ಮಳೆಗಾಲದಲ್ಲಿ ಅದೂ ಇಲ್ಲ. ಕೊನೇ ದಿನ ಬಿಲ್ ಕಟ್ಟೋಣ ಅಂತ ಕೂತರೆ ಒಟಿಪಿ ಬರುವಷ್ಟರಲ್ಲಿ ರಾತ್ರಿ ಹನ್ನೆರಡಾಗುತ್ತದೆ. ಅದಕ್ಕೇ ನಾನೀಗ ಪೂರ್ತಿ ಬಿಲ್‌ಗೆ ಆಟೋ ಪೇ ಹಾಕಿದ್ದೇನೆ. ಕನಿಷ್ಠ ಮೊತ್ತಕ್ಕೆ ಅಲ್ಲ. ಕನಿಷ್ಠ ಮೊತ್ತ ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ, ಬಡ್ಡಿ ತಪ್ಪೋದಿಲ್ಲ.

ಗೊತ್ತಿರಲಿ

• ನೀವು ಕೇಳದೆ ಕಾರ್ಡ್ ಕೊಡುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ.
• ಬಾಕಿ ಇಲ್ಲದ ಕಾರ್ಡನ್ನು ಮುಚ್ಚಲು ಕೇಳಿದರೆ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂ. ನಿಮಗೆ ಕೊಡಬೇಕು.
• ಕೊನೆಯ ದಿನ ಕಳೆದು 3 ದಿನಕ್ಕಿಂತ ಹೆಚ್ಚಾದರೆ ಮಾತ್ರ ಲೇಟ್ ಫೀ ಹಾಕಬಹುದು.
• ಬಿಲ್ ಬರುವ ದಿನಾಂಕ ಬದಲಿಸಿಕೊಳ್ಳಲು ಅವಕಾಶ ಇದೆ. ಸಂಬಳ ಬಂದ ಮೇಲೆ ಕಟ್ಟುವ ಹಾಗೆ ಇಟ್ಟುಕೊಳ್ಳಿ.
• ಬಡ್ಡಿ ಶೇ. 30 ದಾಟಬಾರದು ಎಂಬ ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿದೆ. ತಿಂಗಳಿಗೆ 3.5 ಅಂದರೆ ವರ್ಷಕ್ಕೆ ಶೇ. 42. ಕಾಪಾಡಲು ಯಾರೂ ಬರೋದಿಲ್ಲ, ನಾವೇ ನೋಡಿಕೊಳ್ಳಬೇಕು.

ಕೊನೆಗೆ ನಾನು ಸಿಂಪ್ಲಿಸೇವ್‌ಗೆ ಅರ್ಜಿ ಹಾಕಿದೆ. ಅದಕ್ಕಿಂತ ಮುಖ್ಯವಾದ ಕೆಲಸ ಅಪ್ಪನ ಜೊತೆ ಬ್ಯಾಂಕಿಗೆ ಹೋಗಿ ಅವರ ಕಿಸಾನ್ ಕಾರ್ಡಿಗೆ ಪಿನ್ ಮಾಡಿಸಿದ್ದು. ಮೊದಲ ಸಲ ಎಟಿಎಂನಲ್ಲಿ ಅವರೇ ನಂಬರ್ ಒತ್ತಿದರು, ನಾನು ಬಾಗಿಲ ಹೊರಗೆ ನಿಂತಿದ್ದೆ.

ಹೊರಗೆ ಬಂದು ನೋಟು ಎಣಿಸುತ್ತಾ ಅಂದರು: "ಇಷ್ಟು ವರ್ಷ ಇದನ್ನ ಬೀರುವಲ್ಲಿ ಇಟ್ಕೊಂಡು, ಮಗಳ ಹತ್ರ ಸಾಲ ಕೇಳ್ದೆ ನೋಡು."

ನಿಮ್ಮ ಮನೆಯ ಬೀರುವಿನಲ್ಲಿ ಏನಿದೆ? ಮುಂದಿನ ಸಲ ಊರಿಗೆ ಹೋದಾಗ ಒಮ್ಮೆ ತೆಗೆಸಿ ನೋಡಿ.